ತೀರ್ಥ ತೆಗೆದುಕೊಂಡ ಮೇಲೆ

ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಮಿಲ್ಲಿನಿಂದ ಬಂದ ಹಿಟ್ಟು ಇನ್ನೂ ಬೆಚ್ಚಗಿತ್ತು. ಆರದೆ ಡಬ್ಬಕ್ಕೆ ತುಂಬಿದರೆ ಮುಗ್ಗಲು ಹಿಡಿಯುತ್ತದೆ ಎಂದು ಹಳೆಯ ಪೇಪರ್ ಹಾಸಿ ಹರಡಿಕೊಂಡು ಕೂತಿದ್ದೆ. ಆಗ ಫೋನ್ ಬಂತು. ಎರಡೂ ಕೈ ಹಿಟ್ಟಾಗಿತ್ತು, ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಮಗಳ ಕಾಲೇಜಿನ ಮೇಡಂ. ಅವರು ಅಲ್ಲಿ ಅತಿಥಿ ಉಪನ್ಯಾಸಕಿ, ಮಕ್ಕಳಿಗೆ ನಾಟಕ ಕಲಿಸುತ್ತಿದ್ದವರೂ ಅವರೇ.

"ಅಮ್ಮಾ, ನಾಟಕ ನಿಲ್ಲಿಸಿಬಿಟ್ರು. ಆ ಪೂಜೆ ಸೀನ್ ಇದೆಯಲ್ಲ, ರಿಹರ್ಸಲ್ ನೋಡಿದ ಯಾರೋ ಕಂಪ್ಲೇಂಟ್ ಕೊಟ್ಟಿದಾರೆ. ಪೂಜೆಗೆ ಕೂತ ಹೆಂಗಸಿಗೆ ಅವಮಾನ ಮಾಡಿದೀರಿ ಅಂತ. ಆ ಸೀನ್ ತಂದಿದ್ದು ನಾನೇ ಅಂತ ನಿಮ್ಮ ಮಗಳು ಪ್ರಿನ್ಸಿಪಾಲರ ಮುಂದೆ ಒಪ್ಕೊಂಡಿದಾಳೆ. ಅವಳ ಹತ್ರ ಒಂದು ಕಾಗದ ಕಳಿಸಿದೀನಿ. ಸಹಿ ಹಾಕ್ಕೊಂಡು ನಾಡಿದ್ದು ಹತ್ತು ಗಂಟೆಗೆ ನೀವೇ ಬರಬೇಕಂತೆ. ಬರದಿದ್ರೆ ಅವಳನ್ನ ಕ್ಲಾಸಿಗೆ ಸೇರಿಸಲ್ಲ ಅಂತಿದಾರೆ."

ಪಾಪ, ಅವರ ಕೆಲಸವೂ ವರ್ಷದಿಂದ ವರ್ಷಕ್ಕೆ ಮುಂದುವರಿಸುವಂಥದ್ದು. ಆಯ್ತು ಬರ್ತೀನಿ ಎಂದೆ. ಪೂಜೆಗೆ ಕೂತ ಆ ಹೆಂಗಸು ನಾನೇ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಇದನ್ನೆಲ್ಲ ಬರೆಯುವಷ್ಟು ಓದಿದವಳಲ್ಲ ನಾನು. ಆದರೆ ಒಂದು ಸಲ ಬರೆದು ಸಹಿ ಹಾಕಿದ್ದಾಗಿದೆ. ಉಳಿದದ್ದನ್ನೂ ನಡೆದ ಹಾಗೇ ಬರೆದಿಡುವುದು ಒಳ್ಳೆಯದು.

ನಾಟಕ ಅಂದರೆ ಯಾರೋ ಬರೆದದ್ದನ್ನು ಇವರು ಬಾಯಿಪಾಠ ಮಾಡುತ್ತಾರೆ ಅಂದುಕೊಂಡಿದ್ದೆ. ಇದು ಹಾಗಲ್ಲವಂತೆ. ನಮ್ಮ ಶಿವಮೊಗ್ಗದಲ್ಲಿ ಹಿಂದೂ ಮುಸ್ಲಿಂ ಗಲಾಟೆಯಾಗಿ ಕರ್ಫ್ಯೂ ಹಾಕಿದ್ದರಲ್ಲ, ಆಗ ಈ ಮಕ್ಕಳೆಲ್ಲ ಒಂಬತ್ತು ಹತ್ತು ವರ್ಷದವರು. ಆ ದಿನಗಳಲ್ಲಿ ನಿಮ್ಮ ನಿಮ್ಮ ಮನೆಯಲ್ಲಿ ಏನಾಯಿತು ಕೇಳಿಕೊಂಡು ಬನ್ನಿ, ಬರೆಯಬೇಡಿ, ಮಾಡಿ ತೋರಿಸಿ, ಅದರಿಂದಲೇ ನಾಟಕ ಕಟ್ಟೋಣ ಎಂದು ಮೇಡಂ ಹೇಳಿದ್ದರು. ಒಂಬತ್ತು ಮಕ್ಕಳು. ಭಾನುವಾರ ಕಾಲೇಜಿನಲ್ಲಿ ಕೋಣೆ ಕೊಡುತ್ತಿರಲಿಲ್ಲ. ನಮ್ಮ ಮನೆ ಸವಳಂಗ ರಸ್ತೆಯಿಂದ ಎರಡನೇ ತಿರುವು, ಮೇಲೆ ತಾರಸಿ ಖಾಲಿ. ಅಲ್ಲೇ ಮಾಡಿಕೊಳ್ಳಿ ಎಂದವಳು ನಾನೇ.

ಮೊದಮೊದಲು ನಗುವೇ ಜಾಸ್ತಿ. ಒಬ್ಬ ಉದ್ದನೆಯ ಹುಡುಗ, "ನಮ್ಮನೇಲಿ ಕರ್ಫ್ಯೂ ಅಂದ್ರೆ ಅಪ್ಪ ಏಳು ದಿನ ಮನೇಲಿರೋದು. ಊರಿನ ಗಲಾಟೆ ಅದರ ಮುಂದೆ ಏನೂ ಅಲ್ಲ" ಎಂದ. ಇನ್ನೊಬ್ಬಳ ಅಜ್ಜಿ ಪಾಪ ಬಿಸಿಲಲ್ಲಿ ನಿಂತಿದಾವೆ ಎಂದು ಪೊಲೀಸರಿಗೆ ಮಜ್ಜಿಗೆ ತೆಗೆದುಕೊಂಡು ಹೋಗಿ ಲಾಠಿ ತೋರಿಸಿಕೊಂಡು ಬಂದಿದ್ದಳಂತೆ. ಆ ಹುಡುಗಿ ಅಜ್ಜಿಯ ಹಾಗೆ ಸೊಂಟ ಹಿಡಿದುಕೊಂಡು ನಡೆದದ್ದು ನೋಡಿ ನನಗೂ ನಗು ತಡೆಯಲಾಗಲಿಲ್ಲ.

ಅಂಗಡಿ ಮುಚ್ಚುವ ಸದ್ದಿಗೆ ಅವರು ತಗಡಿನ ಶೀಟು ಎಳೆಯುತ್ತಿದ್ದರು. ಚಹಾ ಕೊಡಲು ಹೋದವಳು ಸುಮ್ಮನಿರಲಾರದೆ ಹೇಳಿದೆ: "ಶಟರ್ ಒಂದೇ ಸಲ ಬೀಳಲ್ಲ ಕಣ್ರೋ. ರಸ್ತೆಯ ಆ ತುದಿಯಿಂದ ಶುರುವಾಗಿ ಒಂದಾದ ಮೇಲೆ ಒಂದು ನಮ್ಮ ಕಡೆ ಓಡಿ ಬರುತ್ತೆ. ಕೊನೇದು ಬಿದ್ದ ಮೇಲೆ ನಾಯಿ ಕೂಡ ಬೊಗಳಲ್ಲ."

ಒಂಬತ್ತೂ ಜನ ತಾರಸಿಯ ಉದ್ದಕ್ಕೆ ಸಾಲಾಗಿ ನಿಂತು, ಒಬ್ಬರ ಹಿಂದೆ ಒಬ್ಬರು ತಟ್ಟೆ ಬಡಿದು ಹಾಗೇ ಮಾಡಿದರು. ಕೊನೆಯ ತಟ್ಟೆ ನಿಂತಾಗ ನಾನು ಕೆಳಗಿನ ರಸ್ತೆಯನ್ನು ಬಗ್ಗಿ ನೋಡಿದೆ.

"ಆಂಟಿ, ಇನ್ಮೇಲೆ ನೀವೇ ಡೈರೆಕ್ಟರು, ಇವಳನ್ನ ಕಿತ್ತು ಹಾಕ್ತೀವಿ" ಎಂದು ಉದ್ದನೆಯ ಹುಡುಗ ನನ್ನ ಮಗಳ ಕಡೆ ಕೈ ತೋರಿಸಿದ. ಮಗಳು ಅವನಿಗೆ ಚಪ್ಪಲಿ ತೋರಿಸಿದಳು.

ಮಗಳು ಆ ದಿನದ ಬಗ್ಗೆ ನನ್ನನ್ನು ಮೊದಲೇ ಕೇಳಿದ್ದಳು. ನಾನು ಹೇಳಿದ್ದು ಇಷ್ಟು. ನಮ್ಮ ಬೀದಿಯಲ್ಲಿ ಸೀರೆಗೆ ಫಾಲ್ ಹಾಕಿ, ಬ್ಲೌಸ್ ಹೊಲಿದು ಕೊಡುವ ಸಾಬರ ಹೆಂಗಸೊಬ್ಬಳಿದ್ದಳು. ನನ್ನ ತಮ್ಮನ ಮದುವೆ ಹತ್ತಿರ ಬಂದಿತ್ತು. ಮೂರು ಸೀರೆ ಅವಳ ಹತ್ತಿರ ಇತ್ತು. ಬೆಳಿಗ್ಗೆ ಎಂಟೂವರೆಗೆ ಗಲಾಟೆ ನಮ್ಮ ರಸ್ತೆಗೂ ಬಂತು. ಸೀರೆ ಕೊಡಲು ಬಂದವಳು ಸಿಕ್ಕಿಹಾಕಿಕೊಂಡು ನಮ್ಮ ಬಾಗಿಲು ಬಡಿದಳು. ನಾನು ಪೂಜೆಯಲ್ಲಿದ್ದೆ, ಇಷ್ಟಲಿಂಗ ಅಂಗೈಯಲ್ಲಿತ್ತು. ಲಿಂಗ ಕೈಯಲ್ಲಿರುವಾಗ ಮಧ್ಯೆ ಏಳಬಾರದು, ಮಾತಾಡಬಾರದು. ನಮ್ಮ ಮನೆಯಲ್ಲಿ ನನ್ನತ್ತೆ ಹಾಲು ಉಕ್ಕಿ ಒಲೆ ಆರಿದರೂ ಏಳುತ್ತಿರಲಿಲ್ಲ. ಹಾಗಾಗಿ ನಾನು ಏಳಲಿಲ್ಲ. ಅವಳು ಓಡಿದಳು, ತಿರುವಿನಲ್ಲಿ ಬಿದ್ದಳು, ಹೆದರಿ ಓಡಿಸಿಕೊಂಡು ಬಂದ ಯಾರದೋ ಬೈಕು ಅವಳ ಬಲಗೈ ಮೇಲೆ ಹರಿಯಿತು.

ಮಗಳು ಇದನ್ನು ನಂಬಿದಳು, ನಂಬಿ ನಾಟಕದ ನಡುವಿಗೆ ತಂದಿಟ್ಟಳು. ಒಳಗೆ ನಿಯಮ, ಹೊರಗೆ ಪ್ರಾಣ, ಯಾರದ್ದೂ ತಪ್ಪಿಲ್ಲ, ಆದರೂ ಒಂದು ಕೈ ಹೋಯಿತು. ಹಾಗಂತ ಅವಳು ಆ ಮಕ್ಕಳಿಗೆ ವಿವರಿಸುತ್ತಿದ್ದಳು. ಕೇಳುವಾಗ ಎದೆ ಹಗುರಾಗುತ್ತಿತ್ತು ನನಗೆ. ಸುಳ್ಳು ಹೇಳುತ್ತಿಲ್ಲ.

ನನ್ನ ಪಾತ್ರ ಮಾಡುತ್ತಿದ್ದ ಹುಡುಗಿ ನಮ್ಮವಳಲ್ಲ, ಅವರಲ್ಲಿ ಈ ಪೂಜೆ ಇಲ್ಲ. ಹೂಕುಂಡದಿಂದ ಒಂದು ನುಣುಪು ಕಲ್ಲು ಆರಿಸಿ ಎಡಗೈಯಲ್ಲಿಟ್ಟುಕೊಂಡು ಕೂರುತ್ತಿದ್ದಳು. ಅಂಗೈ ಎದೆಮಟ್ಟಕ್ಕಿರಲಿ, ಕಣ್ಣು ಪೂರ್ತಿ ಮುಚ್ಚಬೇಡ ಎಂದು ನಾನೇ ತಿದ್ದಿಕೊಟ್ಟೆ. ಅವಳು ಚುರುಕು. "ಆಂಟಿ, ಪೂಜೆ ಮುಗೀತು ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದಳು.

"ತೀರ್ಥ ತಗೊಳ್ಳೋದು. ಮನೇಲಿ ಇರೋರಿಗೆ ಕೊಡೋದು. ಆಮೇಲೆ ಲಿಂಗಾನ ವಸ್ತ್ರದಲ್ಲಿ ಸುತ್ತಿ ಕರಡಿಗೆಗೆ ಹಾಕಿ ಕೊರಳಿಗೆ ಕಟ್ಟಿಕೊಳ್ಳೋದು."

"ಹಂಗಾದ್ರೆ ತೀರ್ಥ ತಗೊಂಡ ಮೇಲೆ ಏಳಬಹುದು?"

"ಹೂಂ. ಆಮೇಲೆ ಏನಂತೆ, ಏಳಬಹುದು."

ಚಾರ್ಟ್ ಹಾಳೆ ಸುತ್ತುತ್ತಿದ್ದ ಮಗಳು ಕೈ ನಿಲ್ಲಿಸಿದಳು.

"ಅಮ್ಮ, ಅವತ್ತು ನಂಗೆ ತೀರ್ಥ ಕೊಟ್ಟಿದ್ದೆ."

"ಯಾವತ್ತು?" ಎಂದೆ. ಯಾವತ್ತು ಎಂದು ಗೊತ್ತಿತ್ತು.

"ಅವತ್ತು. ಕೈ ಒದ್ದೆಯಾಗಿತ್ತು ಅಂತ ಲಂಗಕ್ಕೆ ಒರೆಸ್ಕೊಂಡೆ. ತೀರ್ಥದ ಕೈ ತಲೆಗೆ ಒರೆಸ್ಕೋಬೇಕು ಅಂತ ನೀನು ಬೈದೆ. ಆಮೇಲೆ ಬಾಗ್ಲು ಬಡಿದಿದ್ದು."

ಪಕ್ಕದ ಮನೆಯ ಟ್ಯಾಂಕ್ ತುಂಬಿ ಹರಿಯುತ್ತಿತ್ತು. ಅದನ್ನು ಕೂಗಿ ಹೇಳುವ ನೆಪದಲ್ಲಿ ನಾನು ಮೆಟ್ಟಿಲಿಳಿದು ಬಂದೆ.

ಹೌದು. ತೀರ್ಥ ಆಗಿತ್ತು. ವಸ್ತ್ರ ಬಿಚ್ಚಿ ತೊಡೆಯ ಮೇಲೆ ಹರಡಿ ಲಿಂಗವನ್ನು ಅದರಲ್ಲಿಟ್ಟಿದ್ದೆ, ಸುತ್ತುವುದೊಂದು ಬಾಕಿ. "ಅಕ್ಕಾ, ನಾನು, ಸೀರೆ ತಂದಿದೀನಿ, ಬಾಗ್ಲು ತೆಗೀರಿ" ಎಂದು ಅವಳು ಕರೆದದ್ದು ಸ್ಪಷ್ಟ ಕೇಳಿಸಿತು. ನಾನು ಲಿಂಗವನ್ನು ಮತ್ತೆ ಅಂಗೈಗೆ ತಂದುಕೊಂಡು ಕಣ್ಣು ಮುಚ್ಚಿದೆ. ಅವಳು ಎಷ್ಟು ಹೊತ್ತು ಬಡಿದಳೋ, ಅಷ್ಟು ಹೊತ್ತೂ ಹಾಗೇ ಕೂತಿದ್ದೆ. ಇನ್ನೊಂದು ಮಾತೂ ಇದೆ. ಹಿಂದಿನ ದಿನ ಸಂಜೆ ಫೋನ್ ಮಾಡಿ, ಬೆಳಿಗ್ಗೆ ಮೊದಲ ಕೆಲಸ ಅಂತ ತಂದು ಕೊಡು, ಸಬೂಬು ಹೇಳಬೇಡ ಎಂದು ಅವಳನ್ನು ಅವಸರ ಮಾಡಿದವಳೂ ನಾನೇ. ಕರ್ಫ್ಯೂ ಸಡಿಲಿಸಿದ ಮೊದಲ ದಿನ ಅವಳ ಗಂಡ ಬಂದು ಚೀಲವನ್ನು ಗೇಟಿಗೆ ನೇತುಹಾಕಿ ಹೋಗಿದ್ದ. ಮೂರೂ ಸೀರೆಗೆ ಫಾಲ್ ಹಾಕಿತ್ತು, ಒಂದನ್ನು ಒಗೆದು ಇಸ್ತ್ರಿ ಮಾಡಿತ್ತು. ಯಾಕೆ ಒಗೆದರು ಎಂದು ನಾನು ಕೇಳಲಿಲ್ಲ. ಮದುವೆಗೆ ಅದನ್ನೇ ಉಟ್ಟೆ.

ಮುಂದಿನ ಭಾನುವಾರ ದೃಶ್ಯ ಬದಲಾಗಿತ್ತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಆ ಹುಡುಗಿ ತೀರ್ಥ ಕುಡಿದಳು, ಕಲ್ಲನ್ನು ಬಟ್ಟೆಯಲ್ಲಿ ಅರ್ಧ ಸುತ್ತಿದಳು. ಬಾಗಿಲು ಬಡಿಯುವ ಸದ್ದಾಯಿತು. ಅವಳು ನಿಧಾನಕ್ಕೆ ಬಟ್ಟೆ ಬಿಚ್ಚಿ ಕಲ್ಲನ್ನು ಮತ್ತೆ ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಬಿಚ್ಚುವುದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಚಹಾದ ತಟ್ಟೆ ಹಿಡಿದು ಮೆಟ್ಟಿಲ ಬಾಯಲ್ಲೇ ನಿಂತಿದ್ದೆ. ನೋಡಿ ಮುಗಿಯುವವರೆಗೂ ಒಬ್ಬರೂ ನನ್ನ ಕಡೆ ತಿರುಗಲಿಲ್ಲ. ಶಿವ ಅಷ್ಟು ಕರುಣೆ ತೋರಿಸಿದ.

ಅದೇ ದೃಶ್ಯವನ್ನು ಕಾಲೇಜಿನಲ್ಲಿ ಒಮ್ಮೆ ಮಾಡಿ ನೋಡಿದಾಗ ದೂರು ಹೋದದ್ದು.

ಸಂಜೆ ಮಗಳು ಕಾಗದ ತಂದಳು. ಟೈಪ್ ಮಾಡಿಸಿದ್ದರು. ಸದರಿ ನಾಟಕದ ಪೂಜೆಯ ದೃಶ್ಯವು ಸಂಪೂರ್ಣ ಕಾಲ್ಪನಿಕ, ಇಂಥ ಘಟನೆ ಎಲ್ಲಿಯೂ ನಡೆದಿರುವುದಿಲ್ಲ, ನನ್ನ ಮಗಳು ತಿಳಿವಳಿಕೆಯಿಲ್ಲದೆ ಇದನ್ನು ಸೇರಿಸಿರುತ್ತಾಳೆ. ಕೆಳಗೆ ಪೋಷಕರ ಸಹಿ.

ನಮ್ಮವರು ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಗಲಾಟೆಯ ದಿನ ಮೊದಲ ಶಿಫ್ಟಿಗೆ ಹೋದವರು ಎರಡು ದಿನ ಅಲ್ಲೇ ಉಳಿದಿದ್ದರು. ಅವರಿಗೂ ನಾನು ಹೇಳಿದ್ದು ಪೂಜೆಯ ಕಥೆಯೇ. ಊಟಕ್ಕೆ ಕೂತಾಗ ಕಾಗದ ಓದಿ, "ಸರಿಯಾಗೇ ಬರ್ದಿದಾರಲ್ಲ, ಸಹಿ ಹಾಕು" ಎಂದರು.

"ಇದು ಕಾಲ್ಪನಿಕ ಅಲ್ಲ ಕಣ್ರೀ" ಎಂದು ಎಲ್ಲ ಹೇಳಿದೆ. ಅವರು ಮುರಿದ ರೊಟ್ಟಿಯನ್ನು ತಟ್ಟೆಗಿಟ್ಟರು.

"ಇಷ್ಟು ದಿನ ಆದ ಮೇಲೆ ಈಗ್ಯಾಕೆ ಮಾರಾಯ್ತಿ? ಒಂದು ಸಹಿ. ಮನೆ ಬರ್ಕೊಡು ಅಂದ್ರಾ? ಮಗು ಓದು ನೋಡು."

"ನಾನು ಮಗು ಅಲ್ಲಪ್ಪ" ಎಂದಳು ಮಗಳು. "ಅಮ್ಮ ಸಹಿ ಹಾಕಿದ್ರೆ ನಾನು ಸುಳ್ಳಿ ಅಂತಾಗುತ್ತೆ. ಹಾಕದಿದ್ರೆ ಮನೇಲಿ ಕೂತ್ಕೋತೀನಿ. ಯಾವುದಾದ್ರೂ ಒಂದು ಮಾಡ್ಲಿ." ನನ್ನ ಮುಖ ನೋಡದೆ ತಟ್ಟೆ ಎತ್ತಿಕೊಂಡು ಎದ್ದಳು.

ಅವತ್ತು ನಮ್ಮ ಬಾಗಿಲ ಹೊರಗೆ ನಿಂತಿದ್ದವಳನ್ನು ಒಂದು ಮಾತು ಕೇಳದೆ ಏನೂ ಬರೆಯುವುದು ಸರಿಯಲ್ಲ ಅನ್ನಿಸಿತು. ಕೈ ಹೋದ ಮೇಲೆ ಅವರು ಭದ್ರಾವತಿಗೆ ಹೋಗಿದ್ದರು, ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಹಿಂದೆ ಬಾಡಿಗೆ ಮನೆ ಎಂದು ಕೇಳಿದ್ದೆ. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಬಸ್ ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು, ಅದೂ ಒಂದು ಪುಣ್ಯ. ಮಲವಗೊಪ್ಪ ದಾಟಿತು, ನಮ್ಮವರ ವರ್ಕ್‌ಶಾಪಿನ ಗೇಟು ದಾಟಿತು. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ಇಳಿಯುವ ಹೊತ್ತಿಗೆ ಕಲಸಿಹೋಗಿತ್ತು.

ನಾಲ್ಕು ಜನರನ್ನು ಕೇಳಿದ ಮೇಲೆ ಮನೆ ಸಿಕ್ಕಿತು. ಪಕ್ಕದ ಮನೆಯಲ್ಲಿ ಯಾರೋ ತಮಿಳಿನಲ್ಲಿ ನೀರಿನವನನ್ನು ಬಯ್ಯುತ್ತಿದ್ದರು. ಬಾಗಿಲಲ್ಲೇ ಹೊಲಿಗೆ ಯಂತ್ರ, ಅದರ ಮುಂದೆ ಅವಳ ಸೊಸೆ. ನಾನು ಹುಡುಕಿ ಬಂದವಳು ಕೆಳಗೆ ಚಾಪೆಯ ಮೇಲೆ ಕೂತು ಅಳತೆ ಹೇಳುತ್ತಿದ್ದಳು. ಎಡಗೈಯಲ್ಲಿ ಟೇಪು. ಬಲಗೈ ಸೆರಗಿನೊಳಗೆ.

"ಯಾರು ಅಂತಿದ್ದೆ, ಅಕ್ಕ! ಬನ್ನಿ ಬನ್ನಿ. ಬ್ಲೌಸ್ ಇದೆಯಾ?"

ಕೆಲಸ ಕೊಡಲು ಬಂದೆ ಅಂದುಕೊಂಡಳು. ನಮ್ಮ ಬೀದಿಯಲ್ಲಿದ್ದಾಗ ಅವಳನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಈಗ ಅದು ಬಾಯಿಗೆ ಬರಲಿಲ್ಲ.

"ಬ್ಲೌಸ್ ಅಲ್ಲ. ನಿಮ್ಮ ಹತ್ರ ಒಂದು ಮಾತು ಹೇಳಬೇಕಿತ್ತು. ಅವತ್ತು ನೀವು ಬಾಗ್ಲು ಬಡಿದಾಗ ನಾನು ಒಳಗೇ ಇದ್ದೆ."

"ಗೊತ್ತಲ್ಲ ಅಕ್ಕ. ಕಿಟಕಿಯಿಂದ ಊದುಬತ್ತಿ ವಾಸ್ನೆ ಬರ್ತಿತ್ತು. ಪೂಜೇಲಿದೀರಿ ಅಂತ ನಾನೇ ಅಂದ್ಕೊಂಡೆ. ನಮ್ಮಲ್ಲೂ ನಮಾಜಿಗೆ ನಿಂತ್ರೆ ಮಧ್ಯದಲ್ಲಿ ಬಿಡಲ್ಲ. ಬಿಡಿ ಅದನ್ನ."

"ಪೂಜೆ ಮುಗಿದಿತ್ತು."

ಸೊಸೆಯ ಕಾಲು ಪೆಡಲ್ ಮೇಲೆ ನಿಂತಿತು. ಚಾಪೆಯ ಮೇಲಿದ್ದವಳು ನನ್ನನ್ನೇ ನೋಡಿದಳು. ಟೇಪನ್ನು ಎಡಗೈ ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಮುಗಿದಿತ್ತಾ" ಎಂದಳು. ಆಮೇಲೆ, "ಇದನ್ನ ಹೇಳಕ್ಕೆ ಶಿವಮೊಗ್ಗದಿಂದ ಬಂದ್ರಾ? ಇಷ್ಟು ವರ್ಷ ಪೂಜೆ ಅಂತ ಇಟ್ಕೊಂಡಿದ್ದೆ ಅಕ್ಕ ನಾನು. ಮನೆಯವರು ಬೈದಾಗೆಲ್ಲ ಅದನ್ನೇ ಹೇಳ್ತಿದ್ದೆ. ಅದಾದ್ರೂ ಇತ್ತು."

ಕ್ಷಮೆ ಕೇಳಬೇಕೆಂದು ಬಂದವಳು, ಅವಳ ಹತ್ತಿರ ಉಳಿದಿದ್ದ ಒಂದನ್ನೂ ಕಿತ್ತುಕೊಂಡಿದ್ದೆ. ನಾಟಕದ ವಿಷಯ ಹೇಳಿದೆ, ಕಾಗದದ ವಿಷಯ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಾಟಕದಲ್ಲಿ ನನ್ನ ತರಬೇಡಿ" ಎಂದಳು. "ಬಾಡಿಗೆ ಮನೆ ಇದು. ಮಗ ಇಲ್ಲೇ ದುಡೀತಾನೆ. ನಾಳೆ ಯಾರಾದ್ರೂ ಫೋಟೋ ತೆಗ್ದು ಹಾಕಿದ್ರೆ, ಯಾರವಳು, ಎಲ್ಲಿದಾಳೆ ಅಂತ ಹುಡುಕ್ಕೊಂಡು ಬಂದ್ರೆ, ನಾನು ಯಾರ ಮನೆ ಬಾಗ್ಲಿಗೆ ಹೋಗ್ಲಿ? ನಿಮ್ಮ ವಿಷಯ ನೀವು ಏನಾದ್ರೂ ಬರ್ಕೊಳ್ಳಿ. ನನ್ನ ಕೈ ಬಿಟ್ಟುಬಿಡಿ."

ಸೊಸೆ ಒಂದು ಲೋಟ ಚಹಾ ತಂದಿಟ್ಟಳು. ಅವಳತ್ತೆ ಕುಡೀರಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಾನು ಕುಡಿದೆ. ಎದ್ದು ಬರುವಾಗ, "ಹುಡುಗಿ ಚೆನ್ನಾಗಿ ಓದ್ತಾಳಾ?" ಎಂದು ಕೇಳಿದಳು. ಹೂಂ ಎಂದೆ. ಅವಳು ಸೊಸೆಯ ಕಡೆ ತಿರುಗಿ ತೋಳಿನ ಅಳತೆ ಹೇಳತೊಡಗಿದಳು.

ಬಸ್ಸಿನಲ್ಲಿ ಕೂತು ಒಂದೇ ಯೋಚನೆ. ಅವಳನ್ನು ಬಿಟ್ಟು ಬರೆಯಬೇಕು, ಸುಳ್ಳನ್ನೂ ಬರೆಯಬಾರದು. ಮನೆಗೆ ಬಂದು ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ನಾಲ್ಕು ಸಾಲು ಬರೆದೆ. ನಾಟಕದ ಆ ಹೆಂಗಸು ನಾನು. ನನ್ನ ಪೂಜೆ ಮುಗಿದಿತ್ತು. ಹೊರಗೆ ಒಬ್ಬರು ಕರೆದರು, ನಾನು ಮುಗಿಯದವಳ ಹಾಗೆ ಕೂತೆ. ಪೂಜೆಗೆ ಅವಮಾನವಾಗಿದ್ದರೆ ಅದನ್ನು ಮಾಡಿದವಳು ನಾನು, ನನ್ನ ಮಗಳಲ್ಲ. ಕೆಳಗೆ ಸಹಿ. ಹೊರಗೆ ಕರೆದವರು ಗಂಡಸೋ ಹೆಂಗಸೋ ಎಂಬುದನ್ನೂ ಬರೆಯಲಿಲ್ಲ. ನಮ್ಮವರು ಓದಿದರು. ಬೇಡ ಎನ್ನಲಿಲ್ಲ. "ನಾಳೆ ರಜಾ ಹಾಕ್ತೀನಿ, ಸ್ಕೂಟರ್‌ನಲ್ಲಿ ಬಿಡ್ತೀನಿ" ಎಂದರು.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ನೀರು ತರಿಸಿದರು. ಮಗಳು ನನ್ನ ಕುರ್ಚಿಯ ಹಿಂದೆ ನಿಂತಿದ್ದಳು. ಅವರು ನನ್ನ ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಇದನ್ನ ನಾನು ಫೈಲಿಗೆ ಹಾಕೋ ಹಾಗಿಲ್ಲ ಅಮ್ಮ. ನಾನು ಕೇಳಿದ್ದು ಇದಲ್ಲ."

"ನಂಗೆ ಗೊತ್ತಿರೋದು ಇದೇ ಸರ್. ಅವಳನ್ನ ಕ್ಲಾಸಿಗೆ ಸೇರಿಸಿಕೊಳ್ಳಿ. ದೂರು ಕೊಟ್ಟೋರು ಕೇಳಿದ್ರೆ, ಆ ಹೆಂಗಸೇ ಬಂದು ಬರ್ಕೊಟ್ಟಳು ಅನ್ನಿ. ನಮ್ಮ ಮನೆ ವಿಳಾಸ ಕೊಡಿ."

"ಹಾಗೆಲ್ಲ ಕೊಟ್ಟುಬಿಟ್ರೆ ನಾಳೆ ನಿಮ್ಮನೆ ಮುಂದೆ ಬಂದು ನಿಲ್ತಾರೆ."

"ನಿಲ್ಲಲಿ ಸರ್. ಅವಳ ಕ್ಲಾಸಿನ ಮುಂದೆ ನಿಲ್ಲೋದು ಬೇಡ."

ಅವರು ಮತ್ತೆ ಕನ್ನಡಕ ಹಾಕಿಕೊಂಡರು. ಕೊನೆಗೆ ಹೇಳಿದರು: ಹುಡುಗಿ ಕ್ಲಾಸಿಗೆ ಬರಲಿ. ನಾಟಕ ಮಾತ್ರ ಆಗುವುದಿಲ್ಲ, ಆ ದೃಶ್ಯ ತೆಗೆದರೂ ಆಗುವುದಿಲ್ಲ. ನಾಟಕ ಇರಬೇಕಿದ್ದ ದಿನ ಜಾನಪದ ನೃತ್ಯ ಇಟ್ಟುಕೊಂಡಿದ್ದಾರೆ. ಮೇಡಂಗೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ನಾನು ಕೇಳಿದ್ದಕ್ಕೆ ಬೆಲ್ ಒತ್ತಿ ಅಟೆಂಡರನ್ನು ಕರೆದರು.

ಹಾಳೆಯನ್ನು ಅವರು ವಾಪಸ್ ಕೊಡಲಿಲ್ಲ. ಯಾರಿಗೆ ತೋರಿಸಿದರೋ, ಎರಡೇ ದಿನಕ್ಕೆ ವಿಷಯ ಬೀದಿಗೆ ಬಂತು. ಮನೆ ಮುಂದೆ ಯಾರೂ ಬಂದು ನಿಲ್ಲಲಿಲ್ಲ, ಆ ಮಟ್ಟಿಗೆ ದೇವರು ದೊಡ್ಡವನು. ಆದರೆ ಬೀದಿಯ ಹೆಂಗಸರ ಸೋಮವಾರದ ಭಜನೆಗೆ ನಮ್ಮ ಮನೆಯ ಪಾಳಿ ಬಂದಾಗ ಹದಿನಾಲ್ಕು ಜನರಲ್ಲಿ ಮೂವರು ಬಂದರು. ಅವರಲ್ಲೂ ಒಬ್ಬರು ಪ್ರಸಾದವನ್ನು ಗೇಟಿನ ಹೊರಗೆ ಹಸುವಿಗೆ ಹಾಕಿ ಹೋದರು. ನಾನು ಪಾತ್ರೆ ತುಂಬ ಉಳಿದ ಸಜ್ಜಿಗೆಯನ್ನು ನೋಡುತ್ತ ಅಡುಗೆಮನೆಯಲ್ಲಿ ನಿಂತಿದ್ದೆ. ಮಗಳು ಬಂದು ಕಟ್ಟೆಯ ಮೇಲೆ ಕೂತಳು. ಕಾಗದ ಬಂದ ದಿನದಿಂದ ಅವಳು ನನ್ನ ಹತ್ತಿರ ಸರಿಯಾಗಿ ಮಾತಾಡಿರಲಿಲ್ಲ.

"ಅವತ್ತು ಯಾಕೆ ಏಳ್ಲಿಲ್ಲ ಅಮ್ಮ? ನಾನು ಮನೇಲಿದ್ದೆ ಅಂತಾನಾ?"

ಅವಳೇ ಒಂದು ದಾರಿ ಬಿಟ್ಟುಕೊಟ್ಟಿದ್ದಳು. ಹೌದು ಅಂದಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು.

"ಇಲ್ಲ" ಎಂದೆ. "ನೀನಿದ್ದಿ ಅನ್ನೋದೇ ಆಗ ನೆನಪಿರಲಿಲ್ಲ. ಹೆದರಿಕೆ ಆಯ್ತು. ಅಷ್ಟೇ."

ಅವಳು ಪಾತ್ರೆ ತನ್ನ ಕಡೆ ಎಳೆದುಕೊಂಡು ಒಂದು ಚಮಚ ಸಜ್ಜಿಗೆ ತಿಂದಳು. "ಸಕ್ಕರೆ ಜಾಸ್ತಿ ಹಾಕಿದೀಯ" ಎಂದಳು. ಇನ್ನೂ ಒಂದು ಚಮಚ ತಿಂದಳು.

ಹೊರಗೆ ನಲ್ಲಿಯಲ್ಲಿ ನೀರು ಬಿಟ್ಟ ಸದ್ದಾಯಿತು. ಎರಡು ದಿನಕ್ಕೊಮ್ಮೆ ಬರುವ ನೀರು, ಒಂದು ಗಂಟೆಯಷ್ಟೇ ಇರುತ್ತದೆ. ಸೆರಗು ಸಿಕ್ಕಿಸಿಕೊಂಡು ಡ್ರಮ್ಮು ತೊಳೆಯಲು ಹೋದೆ.